ಮೊದಲು ಪಿನ್ ನೋಡಿ, ಆಮೇಲೆ ಟೂಲ್ ಕೊಳ್ಳಿ

ಸಾಗರದ ಹತ್ತಿರ ನನ್ನ ಭಾವನ ಅಡಿಕೆ ತೋಟವಿದೆ. ಕೆಳಗಿನ ಬಾವಿಯಿಂದ ಮನೆಯ ಮೇಲಿನ ಟ್ಯಾಂಕಿಗೆ ನೀರೇರಿಸುವ ಪಂಪಿಗೆ ಕೆಲವು ವರ್ಷಗಳ ಹಿಂದೆ ನಾನೇ ಒಂದು ಕಂಟ್ರೋಲರ್ ಮಾಡಿಕೊಟ್ಟಿದ್ದೆ. ಟ್ಯಾಂಕಿನಲ್ಲಿ ಸೆನ್ಸರ್, ಗೋಡೆಯ ಮೇಲೆ ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೋರ್ಡು ಮತ್ತು ರಿಲೇ. ಬೇಸಿಗೆಯುದ್ದಕ್ಕೂ ಚೆನ್ನಾಗಿ ನಡೆಯಿತು. ಆಷಾಢದ ಮಳೆ ಹಿಡಿದ ಮೇಲೆ ಒಂದು ಸಂಜೆ ಫೋನು ಬಂತು. "ಇದೇನು ಮಾರಾಯ, ನಿನ್ನ ಪೆಟ್ಟಿಗೆಗೆ ಒಂದು ಸಲ ತಟ್ಟಿದರೆ ಪಂಪು ಶುರುವಾಗ್ತದೆ, ಇನ್ನೊಂದು ಸಲ ತಟ್ಟಿದರೆ ನಿಂತುಬಿಡ್ತದೆ" ಎಂದರು. "ಬಿಚ್ಚಬೇಡಿ ಭಾವ, ಶನಿವಾರ ನಾನೇ ಬರ್ತೇನೆ" ಎಂದೆ.

ಹೋಗಿ ಒಂದಿಡೀ ದಿನ ಕಳೆದೆ. ರಿಲೇ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಪ್ರೋಗ್ರಾಮ್ ತಿದ್ದಿದೆ. ಸಂಜೆ ಬೆಳಕು ಕಂದುವ ಹೊತ್ತಿಗೆ ಸೆನ್ಸರಿನ ಬಿಳಿ ಕನೆಕ್ಟರಿನ ಒಂದು ತಂತಿಯನ್ನು ಬೆರಳಲ್ಲಿ ಮೆಲ್ಲನೆ ಎಳೆದರೆ, ಅದು ಹಾಗೆಯೇ ಕೈಗೆ ಬಂತು. ತುದಿಯ ಎಳೆಗಳು ಕಪ್ಪಾಗಿದ್ದವು. ಆ ಪಿನ್ನುಗಳನ್ನು ನಾನು ನೋಸ್ ಪ್ಲೇಯರಿನಿಂದ ಅದುಮಿದ್ದೆ. ಅವತ್ತು ಕಣ್ಣಿಗೆ ಗಟ್ಟಿಯಾಗಿಯೇ ಕಂಡಿದ್ದವು. ಒಂದು ಮಳೆಗಾಲದ ತೇವ ಒಳಹೊಕ್ಕು ಕೂರುವಷ್ಟು ಜಾಗ ಅಲ್ಲಿ ಉಳಿದಿತ್ತು ಎನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ. ಅಲ್ಲಿಂದೀಚೆಗೆ, ತಂತಿಯ ತುದಿಗೆ ಪಿನ್ನನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಎಂಬ ಕೆಲಸವನ್ನು ನಾನು ಸೋಲ್ಡರಿಂಗಿನಷ್ಟೇ ಗೌರವದಿಂದ ಕಲಿತಿದ್ದೇನೆ. ಟೂಲ್ ಯಾವುದು ಕೊಳ್ಳಲಿ ಎಂದು ಕೇಳುವ ವಿದ್ಯಾರ್ಥಿಗಳು, ರಿಪೇರಿ ಮಾಡುವ ಗೆಳೆಯರು ಹಲವರಿದ್ದಾರೆ. ಈ ವಾರದ ಬರಹ ಅವರಿಗಾಗಿ.

ಕ್ರಿಂಪ್ ಎಂದರೆ ತಂತಿಯನ್ನು ಹಿಡಿದುಕೊಳ್ಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಬಟ್ಟೆಗೆ ಕ್ಲಿಪ್ ಹಾಕಿದ ಹಾಗೆ. ಅಲ್ಲಿ ನಡೆಯುವುದು ಅದಕ್ಕಿಂತ ಆಳದ ಸಂಗತಿ. ತಾಮ್ರದ ಎಳೆಗಳ ಮೇಲೆ, ಪಿನ್ನಿನ ತವರದ ಲೇಪದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಇರುತ್ತದೆ. ಟೂಲಿನ ಸರಿಯಾದ ದವಡೆಯ ನಡುವೆ ಸರಿಯಾದ ಒತ್ತಡ ಬಿದ್ದಾಗ ಲೋಹ ಬರೀ ಬಾಗುವುದಿಲ್ಲ, ಹಿಟ್ಟಿನ ಹಾಗೆ ಹರಿಯುತ್ತದೆ. ಹರಿಯುವಾಗ ಪೊರೆ ಒಡೆಯುತ್ತದೆ, ಒಳಗಿನ ಹೊಸ ಲೋಹ ಹೊಸ ಲೋಹಕ್ಕೆ ಅಂಟುತ್ತದೆ. ಬೆಂಕಿಯಿಲ್ಲದ ಬೆಸುಗೆ ಅದು. ಗುಂಡಗಿದ್ದ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಜೇನುಹುಟ್ಟಿನ ಕೋಶಗಳಂತೆ ಮೂಲೆಗಳನ್ನು ಪಡೆಯುತ್ತವೆ. ನಡುವೆ ಗಾಳಿಗೂ ತೇವಕ್ಕೂ ಎಡೆ ಉಳಿಯುವುದಿಲ್ಲ. ಟೂಲ್ ಬಿಟ್ಟ ಮೇಲೂ ಪಿನ್ನಿನ ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಜ್ ತನ್ನ ಸ್ಪ್ರಿಂಗ್ ಗುಣದಿಂದ ಎಳೆಗಳನ್ನು ಒತ್ತುತ್ತಲೇ ಇರುತ್ತದೆ. ನೋಸ್ ಪ್ಲೇಯರ್ ಮಾಡುವುದು ಇದನ್ನಲ್ಲ. ಅದು ಪಿನ್ನಿನ ಹಿಂಭಾಗದ ರೆಕ್ಕೆಗಳನ್ನು ಚಪ್ಪಟೆ ಮಾಡಿ ಎಳೆಗಳ ಮೇಲೆ ಮಡಚುತ್ತದೆ, ಅಷ್ಟೆ.

ಇದರ ಪರಿಣಾಮವನ್ನು ಅಂಕಿಯಲ್ಲಿ ನೋಡಿದರೆ ಮನಸ್ಸಿಗೆ ನಾಟುತ್ತದೆ. ಒಂದು ಪಿನ್ನಿನಲ್ಲಿ 3 ಆಂಪಿಯರ್ ಹರಿಯುತ್ತಿದೆ ಎನ್ನಿ. ಕೂಡುವ ಜಾಗದ ರೋಧ 0.01 ಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ 0.09 ವಾಟ್. ಅದೇ ರೋಧ 0.1 ಓಮ್ ಆದರೆ 0.9 ವಾಟ್. ಅಕ್ಕಿಕಾಳಿನ ಗಾತ್ರದ ಪಿನ್ನಿನೊಳಗೆ ಹೆಚ್ಚುಕಡಿಮೆ ಒಂದು ವಾಟ್! ಪಿನ್ನು ಕೂರುವ ಹೊರಕವಚದ, ಅಂದರೆ ಹೌಸಿಂಗಿನ, ಪ್ಲಾಸ್ಟಿಕ್ ಕಂದಾಗುವುದು, ಕರಗುವುದು ಹೀಗೆ.

ಕ್ರಿಂಪಿಂಗ್ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ವಿಮಾನ, ಹಡಗುಗಳ ಸಾವಿರಾರು ಕೂಡುಗಳನ್ನು ಒಂದೊಂದಾಗಿ ಬೆಸೆಯುತ್ತಾ ಕೂರಲು ಸಮಯವಿರಲಿಲ್ಲ. ಅಮೆರಿಕದಲ್ಲಿ ಅಂಕಸ್ ವಿಟೇಕರ್ 1941ರಲ್ಲಿ ಕಟ್ಟಿದ ಏರ್‌ಕ್ರಾಫ್ಟ್ ಮರೀನ್ ಪ್ರಾಡಕ್ಟ್ಸ್ ಬೆಸುಗೆಯಿಲ್ಲದ ಟರ್ಮಿನಲ್‌ಗಳಿಂದಲೇ ಹೆಸರು ಮಾಡಿತು. ಎಎಂಪಿ ಎಂದರೆ ಅದೇ; ಈಗ ಟಿಇ ಕನೆಕ್ಟಿವಿಟಿಯ ಭಾಗ. ನಮ್ಮ ಬೋರ್ಡುಗಳ ಮೇಲೆ ದಿನವೂ ಕಾಣುವ ಬಿಳಿ ಕನೆಕ್ಟರಿನ ಜೆಎಸ್‌ಟಿ ಎಂಬ ಹೆಸರನ್ನು ಬಿಡಿಸಿ ಓದಿದರೆ ಜಪಾನ್ ಸೋಲ್ಡರ್‌ಲೆಸ್ ಟರ್ಮಿನಲ್. ಬೆಸುಗೆ ಬೇಡ ಎನ್ನುವುದು ಆ ಕಂಪನಿಯ ಹೆಸರಿನಲ್ಲೇ ಇದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸುಮ್ಮನೆ "ಕ್ರಿಂಪಿಂಗ್ ಟೂಲ್ ಕೊಡಿ" ಎಂದು ಕೇಳಿದರೆ ಅಂಗಡಿಗೊಂದು ಬಗೆಯ ವಸ್ತು ಸಿಗುತ್ತದೆ. ಒಬ್ಬರು ಇಂಟರ್ನೆಟ್ ಕೇಬಲ್‌ಗೆ ಆರ್‌ಜೆ45 ತುದಿ ಹಾಕುವ ಟೂಲ್ ಕೊಡುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯವರು ಥಿಂಬಲ್, ಅಂದರೆ ಲಗ್, ಒತ್ತುವ ದಪ್ಪ ಟೂಲ್ ತೆಗೆಯುತ್ತಾರೆ. ಪ್ಯಾನೆಲ್ ಬೋರ್ಡಿನವರು ಬಳಸುವ ಲಗ್‌ಗಳು ಅದರಲ್ಲಿ ಚೆನ್ನಾಗಿ ಕೂರುತ್ತವೆ. ಎಲೆಕ್ಟ್ರಾನಿಕ್ಸ್‌ನ ಸಣ್ಣ ಪಿನ್ನುಗಳಿಗೆ ಇವೆರಡೂ ಆಗುವುದಿಲ್ಲ. ಲಗ್ ಒಂದು ಮುಚ್ಚಿದ ಕೊಳವೆ, ಅದನ್ನು ಹೊರಗಿನಿಂದ ಹಿಸುಕಿದರೆ ಸಾಕು. ನಮ್ಮ ಸಣ್ಣ ಪಿನ್ನು ಹಾಗಲ್ಲ. ಅದರ ಹಿಂಭಾಗ ತೆರೆದ ದೋಣಿಯಂತಿದ್ದು ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ಗಿಡ್ಡ ರೆಕ್ಕೆಗಳು ಬರಿಯ ತಾಮ್ರಕ್ಕೆ, ಹಿಂದಿನ ಉದ್ದ ರೆಕ್ಕೆಗಳು ಇನ್ಸುಲೇಶನ್ನಿಗೆ. ಮುಂದಿನವು ವಿದ್ಯುತ್ತನ್ನು ನೋಡಿಕೊಂಡರೆ ಹಿಂದಿನವು ತಂತಿಯ ಅಲುಗಾಟ, ಎಳೆತಗಳನ್ನು ತಮ್ಮ ಮೇಲೆ ತೆಗೆದುಕೊಳ್ಳುತ್ತವೆ. ಎರಡಕ್ಕೂ ಬೇಕಾದ ಒತ್ತಡ ಬೇರೆ, ಆಕಾರ ಬೇರೆ, ಎತ್ತರ ಬೇರೆ. ಒಂದೇ ಹಿಡಿತದಲ್ಲಿ ಟೂಲ್ ಇವೆರಡನ್ನೂ ಮಾಡಬೇಕು.

ನಮ್ಮ ಮನೆಗಳಲ್ಲಿರುವ ಚಕ್ಕುಲಿ ಒರಳನ್ನು ನೆನೆಯಿರಿ. ಒರಳು ಒಂದೇ, ಒತ್ತುವ ಕೈಯೂ ಒಂದೇ. ಚಕ್ಕುಲಿ ಬೀಳುತ್ತದೋ ಶ್ಯಾವಿಗೆ ಬೀಳುತ್ತದೋ ಎನ್ನುವುದನ್ನು ತೀರ್ಮಾನಿಸುವುದು ತಳದಲ್ಲಿ ಹಾಕಿದ ಬಿಲ್ಲೆ. ಕ್ರಿಂಪಿಂಗ್ ಟೂಲಿನಲ್ಲಿ ಆ ಬಿಲ್ಲೆಯ ಜಾಗದಲ್ಲಿರುವುದು ದವಡೆ, ಅಂದರೆ ಡೈ. ಹಿಡಿಯ ಬಣ್ಣ, ರಬ್ಬರಿನ ಮೆತ್ತನೆ, ಡಬ್ಬಿಯ ಮೇಲೆ ಬರೆದ ಉದ್ದ ಪಟ್ಟಿ ಇವೆಲ್ಲ ಆಮೇಲಿನ ಮಾತು. ನಿಮ್ಮ ಪಿನ್ನಿಗೆ ಆ ದವಡೆ ಹೊಂದುತ್ತದೆಯೇ ಎನ್ನುವುದೊಂದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮ ಕೈಯಲ್ಲಿರುವ ಪಿನ್ನು ಯಾವುದೆಂದು ಗೊತ್ತಿರಬೇಕು.

ಹೆಸರುಗಳ ಗೊಂದಲ ಇಲ್ಲಿ ದೊಡ್ಡದು. ನಮ್ಮಲ್ಲಿ ಬೋರ್ಡಿನ ಮೇಲಿನ ಕಡ್ಡಿಗಳ ಸಾಲಿಗೆ ಬರ್ಗ್ ಸ್ಟ್ರಿಪ್ ಎನ್ನುತ್ತೇವೆ. ಅದರ ಮೇಲೆ ಕೂರುವ ಕಪ್ಪು ಕನೆಕ್ಟರಿಗೆ ಆನ್‌ಲೈನ್‌ನಲ್ಲಿ ಡುಪಾಂಟ್ ಎಂದು ಹೆಸರು. ಎರಡೂ ಬೇರೆ ಊರಿನ ಸರಕೆಂದು ತಿಳಿದವರಿದ್ದಾರೆ. ಮೂಲ ಒಂದೇ. ಬರ್ಗ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಯನ್ನು ಡುಪಾಂಟ್ 1972ರಲ್ಲಿ ಕೊಂಡುಕೊಂಡಿತು, 1993ರಲ್ಲಿ ಬಿಟ್ಟುಕೊಟ್ಟಿತು. ಆಮೇಲೆ ಅದು ಎಫ್‌ಸಿಐ ಕೈಗೆ, ಅಲ್ಲಿಂದ 2016ರಲ್ಲಿ ಆಂಫಿನಾಲ್ ಕೈಗೆ ಹೋಯಿತು. ಭಾರತದ ಅಂಗಡಿಗಳಲ್ಲಿ ಹಳೆಯ ಹೆಸರು ಉಳಿಯಿತು, ಆನ್‌ಲೈನ್‌ನಲ್ಲಿ ನಡುವಿನ ಹೆಸರು ಉಳಿಯಿತು. ಮೂಲ ಪಿನ್ನಿನ ಹೆಸರು ಮಿನಿ-ಪಿವಿ. ಈಗ ಸಿಗುವವು ಬಹುಪಾಲು ಅದರ ನಕಲುಗಳು. ಒಂದು ತಯಾರಕರ ಪಿನ್ನಿನ ಲೋಹ ಇನ್ನೊಬ್ಬರದಕ್ಕಿಂತ ತೆಳುವೋ ದಪ್ಪವೋ ಇರುತ್ತದೆ. ಒಂದು ಪೊಟ್ಟಣಕ್ಕೆ ಚೆನ್ನಾಗಿ ಒತ್ತಿದ ಟೂಲ್ ಇನ್ನೊಂದು ಪೊಟ್ಟಣಕ್ಕೆ ಸಡಿಲವಾಗುವುದು ಇದಕ್ಕೇ.

ಅಂಗಡಿಯವರು ರಿಲಿಮೇಟ್ ಎನ್ನುವ, ಹಿಂದೆ ಗೋಡೆಯಂಥ ಪಟ್ಟಿಯಿರುವ ಬಿಳಿ ಕನೆಕ್ಟರ್ ಇನ್ನೊಂದು. ಅದು ಮೋಲೆಕ್ಸ್ ಕಂಪನಿಯ ಕೆಕೆ 254 ಸಾಲಿನ ಜಾತಿ. ಬರ್ಗ್ ಮತ್ತು ರಿಲಿಮೇಟ್ ಎರಡರಲ್ಲೂ ಪಿನ್ನಿನಿಂದ ಪಿನ್ನಿಗೆ 2.54 ಮಿಲಿಮೀಟರ್, ಅಂದರೆ ಇಂಚಿನ ಹತ್ತನೇ ಒಂದು ಭಾಗ. ಜೆಎಸ್‌ಟಿಯ ಎಕ್ಸ್‌ಎಚ್ ಸಾಲಿನಲ್ಲಿ ಅದು 2.5. ಲಿಪೋ ಬ್ಯಾಟರಿಯ ಬ್ಯಾಲೆನ್ಸ್ ತಂತಿಯಲ್ಲಿ ಇರುವುದು ಹೆಚ್ಚಾಗಿ ಇದೇ. ಎರಡು ಪಿನ್ನಿನ ತುಂಡಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. 10 ಪಿನ್ನಿನದರಲ್ಲಿ ಕೊನೆಗೆ 0.36 ಮಿಲಿಮೀಟರ್ ತಪ್ಪುತ್ತದೆ, ಕೂರುವುದಿಲ್ಲ. ಇನ್ನೂ ಚಿಕ್ಕದು ಪಿಎಚ್, 2 ಮಿಲಿಮೀಟರಿನದು. ಸಣ್ಣ ಲಿಥಿಯಂ ಬ್ಯಾಟರಿಗಳಲ್ಲಿ ನೋಡಿರುತ್ತೀರಿ. (ಆ ಬ್ಯಾಟರಿಗಳಲ್ಲಿ ಪ್ಲಸ್ ಮೈನಸ್ ಯಾವ ಕಡೆ ಇರಬೇಕೆಂದು ಎಲ್ಲರೂ ಒಪ್ಪಿದ ನಿಯಮವಿಲ್ಲ. ಸಿಕ್ಕಿಸುವ ಮೊದಲು ಮೀಟರ್ ಹಿಡಿದು ನೋಡಿ, ದಯವಿಟ್ಟು.) ಎಸ್‌ಎಚ್ ಸಾಲು 1 ಮಿಲಿಮೀಟರಿನದು. ಅದನ್ನು ಕೈಯಲ್ಲಿ ಕ್ರಿಂಪ್ ಮಾಡಲು ಹೊರಡಬೇಡಿ ಎಂದೇ ನನ್ನ ಸಲಹೆ.

ಪಿನ್ನಿನಷ್ಟೇ ಮುಖ್ಯ ತಂತಿ. ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಪಿನ್ನು, ಟೂಲ್ ತಯಾರಿಸುವವರು ತಂತಿಯ ದಪ್ಪವನ್ನು ಎಡಬ್ಲ್ಯೂಜಿ ಎಂಬ ಅಮೆರಿಕದ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ತಂತಿ ಕೇಳುವುದು "7/36 ಕೊಡಿ, 14/38 ಕೊಡಿ" ಎಂದು. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಬ್ರಿಟಿಷರ ಎಸ್‌ಡಬ್ಲ್ಯೂಜಿ ಅಳತೆಯಲ್ಲಿ ಒಂದೊಂದು ಎಳೆಯ ದಪ್ಪ. 24 ಎಡಬ್ಲ್ಯೂಜಿ ಕೊಡಿ ಎಂದರೆ ಹಲವು ಅಂಗಡಿಗಳಲ್ಲಿ ಮುಖ ನೋಡುತ್ತಾರೆ. ಲೆಕ್ಕ ನಾವೇ ಮಾಡಿಕೊಳ್ಳಬೇಕು. 36 ನಂಬರಿನ ಎಳೆ 0.193 ಮಿಲಿಮೀಟರ್ ದಪ್ಪ. ಅಂಥ 7 ಎಳೆ ಸೇರಿದರೆ ತಾಮ್ರದ ಅಡ್ಡಕೊಯ್ತ ಸುಮಾರು 0.205 ಚದರ ಮಿಲಿಮೀಟರ್. ಅದು ಸರಿಯಾಗಿ 24 ಎಡಬ್ಲ್ಯೂಜಿ. 38 ನಂಬರಿನ ಎಳೆ 0.152 ಮಿಲಿಮೀಟರ್, 14 ಎಳೆಗೆ ಸುಮಾರು 0.255 ಚದರ ಮಿಲಿಮೀಟರ್. ಇದು 24ಕ್ಕೂ 22ಕ್ಕೂ ನಡುವೆ ಬೀಳುತ್ತದೆ. 23/36 ಎಂಬ ದಪ್ಪ ತಂತಿ 0.67 ಚದರ ಮಿಲಿಮೀಟರ್ ದಾಟುತ್ತದೆ, ಸಣ್ಣ ಪಿನ್ನುಗಳ ಹತ್ತಿರಕ್ಕೂ ಬರುವುದಿಲ್ಲ.

ಈಗ ಪಿನ್ನಿನ ಕಡೆಯಿಂದ ನೋಡಿ. ಎಕ್ಸ್‌ಎಚ್‌ನ ಸಾಮಾನ್ಯ ಪಿನ್ನು 28ರಿಂದ 22 ಎಡಬ್ಲ್ಯೂಜಿ, ಅಂದರೆ 0.08ರಿಂದ 0.33 ಚದರ ಮಿಲಿಮೀಟರಿನ ತಂತಿಗೆ; ಇನ್ಸುಲೇಶನ್ ಸೇರಿ ಹೊರಗಿನ ದಪ್ಪ 1.9 ಮಿಲಿಮೀಟರ್ ಮೀರಬಾರದು. ನಮ್ಮ 7/36 ಮತ್ತು 14/38 ಎರಡೂ ಇದರಲ್ಲಿ ಕೂರುತ್ತವೆ. ಪಿಎಚ್‌ನ ಸಾಮಾನ್ಯ ಪಿನ್ನು 30ರಿಂದ 24ರವರೆಗೆ ಮಾತ್ರ. 7/36 ಅಂಚಿನಲ್ಲಿ ಕೂರುತ್ತದೆ, 14/38 ಕೂರುವುದಿಲ್ಲ. ಬಲವಂತ ಮಾಡಿ ತುರುಕಿದರೆ ರೆಕ್ಕೆಗಳು ಮುಚ್ಚಿಕೊಳ್ಳದೆ ಹೊರಗೆ ನಿಲ್ಲುತ್ತವೆ. ಟೂಲ್ ಸರಿಯಿಲ್ಲ ಎಂದು ಬೈದು ಇನ್ನೊಂದು ಟೂಲ್ ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ನಿಜವಾಗಿ ತಂತಿಯದು ಎಂದು ನನ್ನ ಅನುಭವ.

ತಂತಿಯ ಬಗ್ಗೆ ಇನ್ನೆರಡು ಮಾತು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ತಾಮ್ರದ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ: ಹೊರಗೆ ಕೆಂಪು, ಒಳಗೆ ಬಿಳಿ ಇದ್ದರೆ ಅಲ್ಯೂಮಿನಿಯಂ, ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತವರ ಬಳಿದ ಒಳ್ಳೆಯ ತಾಮ್ರ. ಮೊದಲನೆಯದನ್ನು ಕ್ರಿಂಪ್ ಮಾಡಬೇಡಿ, ಎಳೆಗಳು ದವಡೆಯಲ್ಲೇ ತುಂಡಾಗುತ್ತವೆ. ಹಾಗೆಯೇ ಇಂಟರ್ನೆಟ್ ಕೇಬಲ್ ಸುಲಿದು ತೆಗೆದ ಒಂಟಿ ಎಳೆಯ ಗಟ್ಟಿ ತಂತಿಯೂ ಬೇಡ. ಈ ಪಿನ್ನುಗಳನ್ನು ಮಾಡಿರುವುದು ಹಲವು ಎಳೆಗಳ ತಂತಿಗೆ.

ಟೂಲ್‌ಗಳ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮೇಲಿರುವುದು ಪಿನ್ನು ತಯಾರಿಸಿದ ಕಂಪನಿಯೇ ಆ ಪಿನ್ನಿಗಾಗಿ ಮಾಡಿದ ಟೂಲ್. ಜೆಎಸ್‌ಟಿ ಎಕ್ಸ್‌ಎಚ್‌ಗೆ ಬೇರೆ, ಪಿಎಚ್‌ಗೆ ಬೇರೆ ಟೂಲ್ ಕೊಡುತ್ತದೆ. ಮೋಲೆಕ್ಸ್ ಕೂಡ ಹೀಗೆಯೇ. ಪಿನ್ನನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಪುಟ್ಟ ತಡೆ ಅದರಲ್ಲಿರುತ್ತದೆ, ಕೈ ಅಭ್ಯಾಸ ಇಲ್ಲದವರಿಗೂ ಮೊದಲ ಪಿನ್ನಿನಿಂದಲೇ ಒಂದೇ ಸಮನಾದ ಕ್ರಿಂಪ್ ಬರುತ್ತದೆ. ಬೆಲೆ ಮಾತ್ರ ಹತ್ತಾರು ಸಾವಿರ ರೂಪಾಯಿ, ಅದೂ ಒಂದು ಜಾತಿಯ ಪಿನ್ನಿಗೆ. ಒಂದೇ ಬಗೆಯ ಕನೆಕ್ಟರನ್ನು ತಿಂಗಳಿಗೆ ನೂರಾರು ಹಾಕಿ ಗಿರಾಕಿಗೆ ಕೊಡುವ ಸಣ್ಣ ಉದ್ಯಮಕ್ಕೆ ಆ ಖರ್ಚು ನ್ಯಾಯ. ಮನೆಯ ಮೇಜಿಗೆ ಅಲ್ಲ.

ಎರಡನೆಯದು ಎಲ್ಲೆಡೆ ಸಿಗುವ ಚೀನಾದ ರ್‍ಯಾಚೆಟ್ ಟೂಲ್‌ಗಳು. ಎಸ್‌ಎನ್-28ಬಿ, ಎಸ್‌ಎನ್-2549, ಎಸ್‌ಎನ್-01ಬಿಎಂ ಎಂಬ ನಂಬರುಗಳಲ್ಲಿ ಬರುತ್ತವೆ. ರ್‍ಯಾಚೆಟ್ ಇರುವುದರ ಲಾಭ ದೊಡ್ಡದು: ಒಮ್ಮೆ ಹಿಡಿ ಒತ್ತಲು ಶುರುಮಾಡಿದರೆ ಪೂರ್ತಿ ಮುಚ್ಚುವವರೆಗೆ ಅದು ತೆರೆದುಕೊಳ್ಳುವುದಿಲ್ಲ. ಅಂದರೆ ಅರ್ಧ ಒತ್ತಿದ ಕ್ರಿಂಪ್ ಹುಟ್ಟುವುದೇ ಇಲ್ಲ, ಕೈ ಸೋತಾಗಲೂ ಬೆಳಗಿನಷ್ಟೇ ಒತ್ತಡ ಬೀಳುತ್ತದೆ. ಒತ್ತಡ ಹೆಚ್ಚುಕಡಿಮೆ ಮಾಡಲು ಹಿಡಿಗಳ ನಡುವೆ ಒಂದು ಹಲ್ಲಿನ ಚಕ್ರವಿರುತ್ತದೆ. ಇದೇ ನಂಬರಿನ ಟೂಲನ್ನು ಹಲವರು ತಯಾರಿಸುತ್ತಾರೆ, ದವಡೆಯ ನಯ ಎಲ್ಲರದೂ ಒಂದೇ ಅಲ್ಲ. ಕೊಳ್ಳುವ ಮೊದಲು ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಮೇಲಿನ ಭಾಗ ಕೆಳಗಿನದರ ಮೇಲೆ ನೇರ ಕೂರಬೇಕು; ಪಕ್ಕಕ್ಕೆ ಸರಿದಿದ್ದರೆ ರೆಕ್ಕೆಗಳು ಒಂದೇ ಕಡೆಗೆ ಮಡಚಿಕೊಳ್ಳುತ್ತವೆ. ಬರ್ಗ್ ಜಾತಿಯ ಪಿನ್ನಿಗೆ ಎಂದು ಹೇಳಿ ಮಾರುವ 28ಬಿ ಬಹುಮಟ್ಟಿಗೆ ಆ ಕೆಲಸ ಮಾಡುತ್ತದೆ. ಅದನ್ನೇ ಪಿಎಚ್‌ನಂಥ ಸಣ್ಣ ಪಿನ್ನಿಗೆ ಬಳಸಿದರೆ ಮುಂದಿನ ರೆಕ್ಕೆ ಸಡಿಲ ಉಳಿಯುತ್ತದೆ. ಸಣ್ಣ ಪಿನ್ನಿಗೆ 01ಬಿಎಂ ಮೇಲು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಜಪಾನಿನ ಎಂಜಿನಿಯರ್ ಕಂಪನಿಯ ಪಿಎ-09. ರ್‍ಯಾಚೆಟ್ ಇಲ್ಲ, ನೋಡಲು ಸಾದಾ ಪ್ಲೇಯರಿನಂತಿದೆ. ತೆಳುವಾದ ಬಾಯಿಯಲ್ಲಿ 1.0, 1.4, 1.6, 1.9 ಮಿಲಿಮೀಟರಿನ ನಾಲ್ಕು ಗುಳಿಗಳಿವೆ. ತಾಮ್ರದ ರೆಕ್ಕೆಗಳನ್ನು ಒಂದು ಗುಳಿಯಲ್ಲಿ, ಇನ್ಸುಲೇಶನ್ ರೆಕ್ಕೆಗಳನ್ನು ಇನ್ನೊಂದರಲ್ಲಿ, ಹೀಗೆ ಎರಡು ಸಲ ಒತ್ತಬೇಕು. ನಿಧಾನ. ಆದರೆ ಬಗೆಬಗೆಯ ಸಣ್ಣ ಪಿನ್ನಿಗೂ ತಂತಿಗೂ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ. ಮೊದಲು ದೊಡ್ಡ ಗುಳಿಯಲ್ಲಿ ರೆಕ್ಕೆ ಮಡಚಿ, ಆಮೇಲೆ ಒಂದು ಅಳತೆ ಇಳಿದು ಬಿಗಿ ಮಾಡಿದರೆ ಸಣ್ಣ ಪಿನ್ನೂ ಚೆನ್ನಾಗಿ ಕೂರುತ್ತದೆ. ಎಷ್ಟು ಒತ್ತಬೇಕೆಂದು ಹೇಳುವವರು ಇಲ್ಲದ್ದರಿಂದ ಕೈಗೆ ಅದು ಒಗ್ಗಲು ಇಪ್ಪತ್ತು ಮೂವತ್ತು ಪಿನ್ನು ಹಾಳುಮಾಡಲೇಬೇಕು. ದಪ್ಪ ಪಿನ್ನುಗಳಿಗೆ ಅದರದೇ ಜೊತೆಗಾರ ಪಿಎ-20 ಇದೆ.

ಹಾಗಾದರೆ ಯಾವುದು? ಬರ್ಗ್ ಪಿನ್ನು ಒಂದನ್ನೇ, ಅದೂ ರಾಶಿಗಟ್ಟಲೆ ಮಾಡುವವರಿಗೆ ರ್‍ಯಾಚೆಟ್ ಟೂಲ್. ರಿಪೇರಿಯವರು, ಇವತ್ತು ರಿಲಿಮೇಟ್ ನಾಳೆ ಪಿಎಚ್ ಎಂದು ಬಗೆಬಗೆಯ ಪಿನ್ನು ಮುಟ್ಟುವವರು ಪಿಎ-09 ಕೊಂಡರೆ ವರ್ಷಗಟ್ಟಲೆ ಬೇರೆ ಬೇಡ. ವರ್ಷಕ್ಕೆ ಹತ್ತಿಪ್ಪತ್ತು ತಂತಿ ಸಾಕು ಎನ್ನುವವರು ಟೂಲನ್ನೇ ಕೊಳ್ಳಬೇಡಿ. ಕಾರ್ಖಾನೆಯಲ್ಲೇ ಪಿನ್ನು ಹಾಕಿದ ತಂತಿಗಳು ಸಿಗುತ್ತವೆ. ಬೇಕಾದ ಹೌಸಿಂಗಿನೊಳಗೆ ಚಟ್ ಎಂದು ಕೂರಿಸಿ, ಇನ್ನೊಂದು ತುದಿಯನ್ನು ಬೆಸುಗೆ ಹಾಕಿಕೊಂಡರೆ ಮುಗಿಯಿತು.

ಬಳಸುವ ರೀತಿಯಲ್ಲಿ ಹೊಸಬರು ಎಡವುವುದು ದಿಕ್ಕಿನಲ್ಲಿ. ದವಡೆಯ ಒಂದು ಭಾಗ ಬಟ್ಟಲಿನಂತೆ ನುಣುಪು, ಇನ್ನೊಂದರಲ್ಲಿ ಎರಡು ಕಮಾನು ಸೇರುವಲ್ಲಿ ಒಂದು ಮೊನೆ. ಪಿನ್ನಿನ ಬೆನ್ನು ಬಟ್ಟಲಿನಲ್ಲಿ, ರೆಕ್ಕೆಗಳು ಕಮಾನಿನ ಕಡೆಗೆ ಇರಬೇಕು. ಆಗ ರೆಕ್ಕೆಗಳು ಕಮಾನನ್ನು ಹತ್ತಿ, ತುದಿಯಲ್ಲಿ ಒಳಕ್ಕೆ ತಿರುಗಿ ಎಳೆಗಳೊಳಗೆ ಇಳಿಯುತ್ತವೆ. ಒಂದೆರಡು ಕ್ಲಿಕ್ ಒತ್ತಿ ಪಿನ್ನು ಬೀಳದಂತೆ ಹಿಡಿದುಕೊಂಡು, ಆಮೇಲೆ ತಂತಿ ತೂರಿಸಿ ಪೂರ್ತಿ ಒತ್ತಿ. ಸುಲಿಯುವುದು ಎರಡರಿಂದ ಎರಡೂವರೆ ಮಿಲಿಮೀಟರ್ ಸಾಕು. ಹಲ್ಲಿನಲ್ಲಿ ಕಚ್ಚಿ ಸುಲಿಯುವ ಅಭ್ಯಾಸ ಬಿಡಿ. 7 ಎಳೆಯಲ್ಲಿ 2 ಹೋದರೆ ಉಳಿಯುವುದು 5.

ಒತ್ತಿದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಎರಡು ಜೊತೆ ರೆಕ್ಕೆಗಳ ನಡುವಿನ ಕಿಟಕಿಯಲ್ಲಿ ಅರ್ಧ ತಾಮ್ರ, ಅರ್ಧ ಇನ್ಸುಲೇಶನ್ ಕಾಣಬೇಕು. ಬರೀ ತಾಮ್ರ ಕಂಡರೆ ತಂತಿ ಸಾಕಷ್ಟು ಒಳಹೋಗಿಲ್ಲ; ಬರೀ ಇನ್ಸುಲೇಶನ್ ಕಂಡರೆ ಪ್ಲಾಸ್ಟಿಕ್ಕು ತಾಮ್ರದ ರೆಕ್ಕೆಯೊಳಗೆ ಸಿಕ್ಕಿರಬಹುದು. ಮುಂದಿನ ತುದಿಯಲ್ಲಿ ಎಳೆಗಳು ಕುಂಚದಂತೆ ಸ್ವಲ್ಪವೇ ಇಣುಕಬೇಕು. ತಾಮ್ರದ ರೆಕ್ಕೆಯ ಅಂಚು ಕಹಳೆಯ ಬಾಯಿಯಂತೆ ಕೊಂಚ ಅರಳಿರಬೇಕು, ಇಲ್ಲದಿದ್ದರೆ ಚೂಪಾದ ಅಂಚು ಎಳೆಗಳನ್ನು ಕೊಯ್ಯುತ್ತದೆ. ಹೌಸಿಂಗಿನೊಳಗೆ ಲಾಕ್ ಆಗುವ ಪುಟ್ಟ ನಾಲಗೆ ಜಜ್ಜಿರಬಾರದು. ಪಟ್ಟಿಯಿಂದ ಕತ್ತರಿಸುವಾಗ ಉಳಿದ ಬಾಲ ಉದ್ದವಿದ್ದರೆ ಪಿನ್ನು ಪೂರ್ತಿ ಒಳಹೋಗುವುದಿಲ್ಲ. ಬಾಳೆಹಣ್ಣಿನಂತೆ ಬಾಗಿದ ಪಿನ್ನನ್ನು ನೇರ ಮಾಡಲು ಹೋಗದೆ ಎಸೆದುಬಿಡಿ.

ಕಣ್ಣು ಒಪ್ಪಿದ ಮೇಲೆ ತೂಕ ಕೇಳಬೇಕು. ಕ್ರಿಂಪ್ ಎಷ್ಟು ಎಳೆತ ತಡೆಯಬೇಕೆಂದು ಅಮೆರಿಕದ ಯುಎಲ್ 486ಎ ಮಾನದಂಡದಲ್ಲಿ ಪಟ್ಟಿಯಿದೆ: 22 ಎಡಬ್ಲ್ಯೂಜಿಗೆ 8 ಪೌಂಡ್, 24ಕ್ಕೆ 5, 26ಕ್ಕೆ 3. ನಮ್ಮ ಲೆಕ್ಕದಲ್ಲಿ 3.6 ಕೆಜಿ, 2.3 ಕೆಜಿ, 1.4 ಕೆಜಿ. ಪಿನ್ನಿನ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಇದಕ್ಕೆ ಯಂತ್ರ ಬೇಡ. ಪಿನ್ನನ್ನು ಪುಟ್ಟ ವೈಸಿನಲ್ಲಿ ಸಿಕ್ಕಿಸಿ, ತಂತಿಗೆ ಒಂದು ಕ್ಯಾನ್ ತೂಗಿಬಿಟ್ಟು ನೀರು ಸುರಿಯುತ್ತಾ ಹೋಗಿ. ಒಂದು ಲೀಟರಿಗೆ ಒಂದು ಕಿಲೋ. 14/38ಕ್ಕೆ ನಾನು 3 ಲೀಟರ್ ಹಾಕುತ್ತೇನೆ. ಪರೀಕ್ಷೆಯ ತುಂಡಿನಲ್ಲಿ ಇನ್ಸುಲೇಶನ್ ರೆಕ್ಕೆಯನ್ನು ಒತ್ತಬಾರದು. ನಮಗೆ ತಿಳಿಯಬೇಕಾದದ್ದು ತಾಮ್ರದ ಹಿಡಿತ. ತಂತಿ ಜಾರಿ ಬಂದರೆ ಒತ್ತಡ ಸಾಲದು. ರೆಕ್ಕೆಯ ಅಂಚಿನಲ್ಲೇ ಬೇಗ ತುಂಡಾದರೆ ಒತ್ತಡ ಅತಿಯಾಯಿತು. ಆಗ ಹಲ್ಲಿನ ಚಕ್ರವನ್ನು ಒಂದು ಹಲ್ಲು ತಿರುಗಿಸಿ ಮತ್ತೆ ನೋಡಿ.

ಪೀಣ್ಯದ ಒಂದು ಚಿಕ್ಕ ಘಟಕದಲ್ಲಿ ವೈರಿಂಗ್ ಹಾರ್ನೆಸ್ ಮಾಡುವುದನ್ನು ಒಮ್ಮೆ ನಿಂತು ನೋಡಿದ್ದೆ. ಸುರುಳಿಯಿಂದ ಪಿನ್ನು ಸಾಲಾಗಿ ಬರುತ್ತಿತ್ತು. ಅಪ್ಲಿಕೇಟರ್ ಜೋಡಿಸಿದ ಯಂತ್ರ ಕ್ಷಣಕ್ಕೊಂದು ಒತ್ತುತ್ತಿತ್ತು. ಯಂತ್ರದ ಮುಂದಿದ್ದ ಹೆಣ್ಣುಮಗಳು ಪಾಳಿ ಶುರುವಾಗುವ ಮೊದಲು ಐದು ಪಿನ್ನು ಒತ್ತಿ, ಮೊನೆಯಿರುವ ಮೈಕ್ರೋಮೀಟರಿನಲ್ಲಿ ಕ್ರಿಂಪಿನ ಎತ್ತರ ಅಳೆದು ಪುಸ್ತಕದಲ್ಲಿ ಬರೆದರು. "0.05 ಆಚೆ ಈಚೆ ಆದ್ರೆ ಮಿಷನ್ ನಿಲ್ಲಿಸ್ತೀವಿ ಸಾರ್" ಎಂದರು. 0.05 ಮಿಲಿಮೀಟರ್ ಎಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ನಮ್ಮ ಮೇಜಿನ ಮೇಲೆ ಅಷ್ಟು ನಿಖರತೆ ಬರಲಾರದು. ಆದರೆ ಅಳೆದು, ಎಳೆದು ನೋಡಿಯೇ ಮುಂದುವರಿಯುವ ಅವರ ಕ್ರಮವನ್ನು ನಾವೂ ಪಾಲಿಸಬಹುದು.

ಕ್ರಿಂಪ್ ಮಾಡಿದ ಮೇಲೆ ಮೇಲಿಂದ ಒಂದು ಹನಿ ಸೀಸ ಬಿಟ್ಟರೆ ಇನ್ನೂ ಗಟ್ಟಿ ಅಲ್ಲವೇ ಎಂದು ಕೇಳುತ್ತಾರೆ. ಇಲ್ಲ. ಕರಗಿದ ಸೀಸ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲೇರಿ, ಬಾಗಬೇಕಾದ ತಂತಿಯನ್ನು ಕಡ್ಡಿ ಮಾಡುತ್ತದೆ. ಅಲುಗಾಡುವ ಜಾಗದಲ್ಲಿ, ಸ್ಕೂಟರಿನಲ್ಲೋ ಪಂಪಿನ ಪಕ್ಕದಲ್ಲೋ, ಆ ಕಡ್ಡಿ ಮುಗಿಯುವಲ್ಲಿ ತಂತಿ ಮುರಿಯುತ್ತದೆ. ಮೊದಲೇ ಸೀಸ ಬಳಿದ ತಂತಿಯನ್ನು ಕ್ರಿಂಪ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಮೆತ್ತಗಿನ ಸೀಸ ಒತ್ತಡದಲ್ಲಿ ದಿನ ಕಳೆದಂತೆ ಸರಿದು ಹಿಡಿತ ಸಡಿಲವಾಗುತ್ತದೆ. ನಾಸಾದ ವೈರಿಂಗ್ ಮಾನದಂಡ ಇದನ್ನು ನಿಷೇಧಿಸಿದೆ.

ಕೊನೆಯಲ್ಲಿ, ನಮ್ಮ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಲ್ಯಾಬ್ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ನಾನು ಹೋದ ಲ್ಯಾಬ್‌ಗಳಲ್ಲೆಲ್ಲ ಸೋಲ್ಡರಿಂಗ್ ಸ್ಟೇಷನ್ ಸಾಲಾಗಿ ಇವೆ, ಕ್ರಿಂಪಿಂಗ್ ಟೂಲ್ ಒಂದೂ ಕಂಡಿಲ್ಲ. ಪ್ರಾಜೆಕ್ಟ್ ಪ್ರದರ್ಶನದ ದಿನ ಮಕ್ಕಳು ಆರು ತಿಂಗಳು ದುಡಿದ ಯಂತ್ರ ಒಂದು ಸಡಿಲ ಜಂಪರ್ ತಂತಿಯಿಂದ ಪರೀಕ್ಷಕರ ಮುಂದೆ ನಿಂತುಹೋಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ಮುಂದಿನ ಖರೀದಿ ಪಟ್ಟಿಯಲ್ಲಿ ಒಂದು ಒಳ್ಳೆಯ ಕ್ರಿಂಪಿಂಗ್ ಟೂಲ್, ನೂರು ಪಿನ್ನು, ಒಂದು ಸುರುಳಿ 7/36 ತಂತಿ ಸೇರಿಸಿ. ಮೊದಲ ವಾರವೇ ಪ್ರತಿ ವಿದ್ಯಾರ್ಥಿಯಿಂದ ಹತ್ತು ಕ್ರಿಂಪ್ ಮಾಡಿಸಿ, ನೀರಿನ ಕ್ಯಾನ್ ತೂಗಿಸಿ ನೋಡಿ.